ಕರಗಿದ ಕ್ಯಾಲೊರಿಯ ಹುಸಿ ಖಚಿತತೆ

ಟ್ರೆಡ್‌ಮಿಲ್ ಮೇಲೆ ಅರ್ಧ ಗಂಟೆ ಓಡಿ ಇಳಿದರೆ ಪರದೆಯಲ್ಲಿ 312 ಎಂದು ಮೂಡುತ್ತದೆ. ಸುಮಾರು 300 ಎಂದಲ್ಲ, ಕರಾರುವಾಕ್ಕಾಗಿ 312. ಕೊನೆಯ ಆ ಎರಡನ್ನು ಕಂಡಾಗ ಯಂತ್ರ ಏನನ್ನೋ ಅಳೆದಿರಲೇಬೇಕು ಎಂಬ ನಂಬಿಕೆ ತಾನಾಗಿ ಹುಟ್ಟುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಬೆಲ್ಟಿನ ವೇಗ, ಏರಿನ ಪ್ರಮಾಣ, ಕಳೆದ ಹೊತ್ತು, ಕೇಳಿದ್ದರೆ ನಿಮ್ಮ ತೂಕ, ಇಷ್ಟೇ. ಎದುರಿನ ಕಂಬಿಗೆ ಮೈಭಾರ ಹಾಕಿ ಹೆಜ್ಜೆ ಹಾಕಿದಿರೋ, ಕೈಬೀಸಿ ಓಡಿದಿರೋ ಅದಕ್ಕೆ ತಿಳಿಯದು. ಕಂಬಿಗೆ ಜೋತುಬಿದ್ದವರ ದೇಹ ಖರ್ಚು ಮಾಡುವುದು ಕಡಿಮೆ, ಪರದೆ ಮಾತ್ರ ಇಬ್ಬರಿಗೂ ಅದೇ ಅಂಕ ತೋರಿಸುತ್ತದೆ. ವ್ಯಾಯಾಮದಲ್ಲಿ ವ್ಯಯವಾಗುವ ಶಕ್ತಿಯನ್ನು ನಿಖರವಾಗಿ ಅಳೆಯುವುದು ವಿಜ್ಞಾನಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಆದರೆ ಜಿಮ್ಮಿನ ಯಂತ್ರವೂ ಮಣಿಕಟ್ಟಿನ ವಾಚೂ ಆ ವಿದ್ಯೆಯನ್ನು ಬಳಸುತ್ತಿಲ್ಲ. ಆದ್ದರಿಂದ ಅವು ಕೊಡುವ ಸಂಖ್ಯೆಯನ್ನು ಊಟದ ಖಾತೆಗೆ ಜಮಾ ಮಾಡಿಕೊಳ್ಳುವ ರೂಢಿಗೆ ಆಧಾರವಿಲ್ಲ ಎಂಬುದು ನನ್ನ ವಾದ.

ಅಳತೆಯೆಂದರೆ ಏನೆಂದು ಮೊದಲು ನೋಡೋಣ. 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಅಟ್‌ವಾಟರ್ ಮತ್ತು ಭೌತವಿಜ್ಞಾನಿ ಎಡ್ವರ್ಡ್ ರೋಸಾ ಮನುಷ್ಯನೊಬ್ಬ ದಿನಗಟ್ಟಲೆ ಇರಬಹುದಾದ ಮುಚ್ಚಿದ ಕೋಣೆಯನ್ನೇ ಕಟ್ಟಿದರು. ಒಳಗಿದ್ದವನು ಉಂಡು, ಮಲಗಿ, ಸೈಕಲ್ ತುಳಿಯುತ್ತಿದ್ದ. ಅವನ ಮೈಯಿಂದ ಹೊರಟ ಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರು ಹೊತ್ತೊಯ್ಯುತ್ತಿತ್ತು, ನೀರು ಎಷ್ಟು ಬಿಸಿಯಾಯಿತೆಂಬುದರ ಮೇಲೆ ಲೆಕ್ಕ. ಮುಂದೆ ಬಂದ ಸುಲಭ ದಾರಿ ಉಸಿರಿನದು. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ, ಬಿಟ್ಟ ಉಸಿರೆಲ್ಲ ಬೆನ್ನಿಗೆ ಕಟ್ಟಿದ ಚೀಲಕ್ಕೆ. ಒಳಗೆ ಹೋಗುವ ಗಾಳಿಯಲ್ಲಿ ಶೇ 20.9ರಷ್ಟು ಆಮ್ಲಜನಕವಿದ್ದರೆ ಹೊರಬರುವುದರಲ್ಲಿ ಶೇ 16-17 ಇರುತ್ತದೆ. ನಡುವಿನ ವ್ಯತ್ಯಾಸ ದೇಹದೊಳಗೆ ಉರಿದದ್ದು. ಒಂದು ಲೀಟರ್ ಆಮ್ಲಜನಕ ಬಳಕೆಯಾದರೆ ಹೆಚ್ಚುಕಡಿಮೆ 5 ಕಿಲೋಕ್ಯಾಲೊರಿ. ಉರಿದದ್ದು ಬರೀ ಕೊಬ್ಬಾದರೆ 4.7ರ ಹತ್ತಿರ. ಇಂದಿನ ಪ್ರಯೋಗಾಲಯಗಳಲ್ಲಿ ಚೀಲದ ಜಾಗಕ್ಕೆ ಸಂವೇದಕಗಳು ಬಂದಿವೆ, ತತ್ವ ಬದಲಾಗಿಲ್ಲ.

ವಾಚಿಗೆ ನಿಮ್ಮ ಉಸಿರು ಸಿಗುವುದಿಲ್ಲ. ಚರ್ಮದ ಮೇಲೆ ಹಸಿರು ಬೆಳಕು ಚೆಲ್ಲಿ ರಕ್ತದ ಏರಿಳಿತದಿಂದ ನಾಡಿ ಎಣಿಸುತ್ತದೆ, ಕೈಯ ಚಲನೆಯನ್ನು ಗ್ರಹಿಸುತ್ತದೆ. ಮಿಕ್ಕದ್ದು ಸೂತ್ರ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 60 ಸ್ವಯಂಸೇವಕರಿಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ, ಉಸಿರಿನ ಅಳತೆಯೊಂದಿಗೆ ಹೋಲಿಸಿದರು. ನಾಡಿಬಡಿತದಲ್ಲಿ ಏಳರಲ್ಲಿ ಆರು ಸಾಧನಗಳ ತಪ್ಪು ಶೇ 5ಕ್ಕಿಂತ ಕಡಿಮೆ. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದೇ ಸರಾಸರಿ ಶೇ 27ರಷ್ಟು ತಪ್ಪಿತ್ತು, ತೀರಾ ಕೆಟ್ಟದ್ದು ಶೇ 93. ಅಂದರೆ ಸಾಧನ ಕಾಣಬಲ್ಲದ್ದನ್ನು ಚೆನ್ನಾಗಿಯೇ ಕಾಣುತ್ತದೆ, ಕಾಣದ್ದರ ಬಗ್ಗೆ ಊಹಿಸುತ್ತದೆ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಓಡಿದರೂ ಚಿಕ್ಕಮಗಳೂರಿನ ಮುಂಜಾವಿನ ಚಳಿಯಲ್ಲಿ ಓಡಿದರೂ ಅದೇ ವೇಗಕ್ಕೆ ಸ್ನಾಯುಗಳ ಖರ್ಚಿನಲ್ಲಿ ದೊಡ್ಡ ಅಂತರವಿರದು. ಆದರೆ ಸೆಕೆಯಲ್ಲಿ ಮೈ ತಣಿಸಲು ಚರ್ಮಕ್ಕೂ ರಕ್ತ ಹಾಯಿಸಬೇಕಾದ್ದರಿಂದ ಹೃದಯ ಜೋರಾಗಿ ಬಡಿಯುತ್ತದೆ. ಬಡಿತವನ್ನೇ ನೆಚ್ಚಿದ ಸೂತ್ರ ಅದನ್ನು ಶ್ರಮವೆಂದು ಓದುತ್ತದೆ.

ಸೂತ್ರದೊಳಗೂ ಒಂದು ಮೂಲ ತೊಡಕಿದೆ. ಸುಮ್ಮನೆ ಕುಳಿತ ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ ಎಂಬುದು ವ್ಯಾಯಾಮದ ಕೋಷ್ಟಕಗಳ ಬುನಾದಿ. ಇದನ್ನೇ ಒಂದು ‘ಮೆಟ್’ ಎನ್ನುತ್ತಾರೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 700ಕ್ಕೂ ಹೆಚ್ಚು ಜನರನ್ನು ನಿಜವಾಗಿ ಅಳೆದಾಗ ಸಿಕ್ಕ ಸರಾಸರಿ 2.6 ಮಾತ್ರ. ನಮ್ಮ ಮಟ್ಟಿಗೆ ಇನ್ನೊಂದು ಸಂಗತಿಯೂ ಉಂಟು. ವಿಶ್ರಾಂತಿಯಲ್ಲಿನ ಶಕ್ತಿವ್ಯಯಕ್ಕೆಂದು 1985ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಒಪ್ಪಿಕೊಂಡ ಸಮೀಕರಣಗಳ ಹಿಂದಿನ ದತ್ತಾಂಶದಲ್ಲಿ ಇಟಲಿಯವರದೇ ದೊಡ್ಡ ಪಾಲು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1990ರ ದಶಕದ ಆರಂಭದಲ್ಲಿ ಭಾರತೀಯ ಗಂಡಸರನ್ನು ಅಳೆದು, ಆ ಸಮೀಕರಣಗಳು ನಮ್ಮವರಿಗೆ ಹೆಚ್ಚು ತೋರಿಸುತ್ತವೆಂದು ಕಂಡುಕೊಂಡು ಬೇರೆಯೇ ಸಮೀಕರಣ ರೂಪಿಸಿದರು. ಇಟಲಿಯವನ ದೇಹ ಹಾಕಿಕೊಟ್ಟ ಲೆಕ್ಕದಲ್ಲಿ ಇಡ್ಲಿ ಎಣಿಸುವ ಕಷ್ಟ ಇದು.

ಸಾಮಾನ್ಯವಾಗಿ ಯಾರೂ ಗಮನಿಸದ ಇನ್ನೊಂದು ಸೋರಿಕೆಯಿದೆ. 60 ಕಿಲೋ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಕೋಷ್ಟಕದ ಪ್ರಕಾರ ಸುಮಾರು 210 ಕಿಲೋಕ್ಯಾಲೊರಿ. ಆದರೆ ಆ ಹೊತ್ತು ಮನೆಯಲ್ಲಿ ಪೇಪರ್ ಓದುತ್ತ ಕುಳಿತಿದ್ದರೂ ಅದೇ ಕೋಷ್ಟಕದಂತೆ 60 ಖರ್ಚಾಗುತ್ತಿತ್ತು. ನಡಿಗೆಯ ಸ್ವಂತ ಸಂಪಾದನೆ 150. ಕೆಲವು ವಾಚುಗಳು ಎರಡನ್ನೂ ಬೇರ್ಪಡಿಸಿ ತೋರಿಸುತ್ತವೆ ನಿಜ, ಆದರೆ ಜನ ನೋಡುವುದು ದೊಡ್ಡದನ್ನೇ.

‘ತಪ್ಪಿದ್ದರೆ ಇರಲಿ, ದಿನವೂ ಒಂದೇ ರೀತಿ ತಪ್ಪಿದರೆ ಹೋಲಿಕೆಗಾದರೂ ಬಂತಲ್ಲ’ ಎಂಬ ಆಕ್ಷೇಪ ಗಟ್ಟಿಯಾದದ್ದು. ಒಬ್ಬರೇ, ಒಂದೇ ವಾಚು ಕಟ್ಟಿ, ಒಂದೇ ಬಗೆಯ ವ್ಯಾಯಾಮ ಮಾಡುವಾಗ ಅದನ್ನು ಭಾಗಶಃ ಒಪ್ಪಬಹುದು. ಆದರೆ ನಡಿಗೆಯಲ್ಲಿನ ತಪ್ಪು ಸೈಕಲ್ಲಿನದಲ್ಲ, ಭಾರ ಎತ್ತುವಾಗಿನದು ಇನ್ನೂ ಬೇರೆ. ಕೆಲವು ತಿಂಗಳ ಅಭ್ಯಾಸದಿಂದ ಹೃದಯ ಬಲಗೊಂಡು ಅದೇ ಓಟಕ್ಕೆ ಬಡಿತ ಇಳಿದರೆ, ಮೈತೂಕ ಬದಲಾಗದಿದ್ದರೂ ಕ್ಯಾಲೊರಿ ಕುಸಿದಂತೆ ಕಾಣಬಹುದು. ಅಳತೆಗೋಲೇ ಉದ್ದಗಿಡ್ಡ ಆಗುತ್ತಿದ್ದರೆ ಹೋಲಿಕೆಗೆ ಏನು ಬೆಲೆ?

ಲೆಕ್ಕ ಬೇಕೇ ಬೇಕೆನ್ನುವವರಿಗೆ ಹೆಚ್ಚು ನೆಚ್ಚಬಹುದಾದ ದಾರಿಗಳಿವೆ. ಸಮತಟ್ಟಿನ ಓಟಕ್ಕೆ ಪ್ರತಿ ಕಿಲೋ ತೂಕಕ್ಕೆ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ. ವೇಗ ಹೆಚ್ಚಾದರೂ ಕಡಿಮೆಯಾದರೂ ಇದು ಅಷ್ಟಾಗಿ ಬದಲಾಗದು. 60 ಕಿಲೋ ತೂಕದವರು 5 ಕಿಲೋಮೀಟರ್ ಓಡಿದರೆ 300, ಬಾಯಿಲೆಕ್ಕ. ಸೈಕಲ್ಲಿನ ಪೆಡಲಿಗೆ ಪವರ್ ಮೀಟರ್ ಹಾಕಿದವರ ಸ್ಥಿತಿ ಇನ್ನೂ ಉತ್ತಮ, ಏಕೆಂದರೆ ಅಲ್ಲಿ ಮಾಡಿದ ಕೆಲಸವನ್ನೇ ಅಳೆಯಲಾಗುತ್ತದೆ. ದೇಹ ವ್ಯಯಿಸಿದ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಶೇ 20ರಿಂದ 25, ಉಳಿದದ್ದು ಶಾಖ. ಒಂದು ಕಿಲೋಕ್ಯಾಲೊರಿಗೆ 4.184 ಕಿಲೋಜೌಲ್ ಆದ್ದರಿಂದ ಎರಡೂ ಒಂದನ್ನೊಂದು ಸರಿದೂಗಿಸಿ, ಮೀಟರ್ ತೋರಿಸುವ ಕಿಲೋಜೌಲನ್ನೇ ಕಿಲೋಕ್ಯಾಲೊರಿ ಎಂದು ಓದಿಕೊಂಡರೆ ಬಹಳ ತಪ್ಪಾಗದು.

ಇಷ್ಟಾದ ಮೇಲೂ ಉಳಿಯುವ ಪ್ರಶ್ನೆಯೇ ಹೆಚ್ಚು ಕುತೂಹಲದ್ದು. ಆ ಒಂದು ಗಂಟೆಯನ್ನು ಪಕ್ಕಾ ಅಳೆದೆವೆಂದೇ ಇಟ್ಟುಕೊಳ್ಳಿ, ಅಷ್ಟೂ ದಿನದ ಖರ್ಚಿಗೆ ಸೇರುತ್ತದೆಯೇ? ಟಾಂಜಾನಿಯಾದ ಹಾಡ್ಜಾ ಬೇಟೆಗಾರರ ದಿನದ ಒಟ್ಟು ಶಕ್ತಿವ್ಯಯವನ್ನು ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಐಸೋಟೋಪು ಬೆರೆಸಿದ ನೀರು ಕುಡಿಸಿ ಅಳೆದರು. ಕಾಡಿನಲ್ಲಿ ದಿನವೂ ಮೈಲುಗಟ್ಟಲೆ ಅಲೆಯುವ ಅವರ ಖರ್ಚು, ಮೈಗಾತ್ರವನ್ನು ಗಣಿಸಿದಾಗ, ಪಾಶ್ಚಾತ್ಯ ನಗರವಾಸಿಗಳಿಗಿಂತ ಹೆಚ್ಚೇನೂ ಇರಲಿಲ್ಲ ಎಂದು 2012ರಲ್ಲಿ ವರದಿಯಾಯಿತು. ವ್ಯಾಯಾಮಕ್ಕೆ ಸುರಿದದ್ದನ್ನು ದೇಹ ಬೇರೆಡೆ ಮಿತವ್ಯಯ ಮಾಡಿ ಒಂದಷ್ಟು ಸರಿದೂಗಿಸುತ್ತದೆ ಎಂಬುದು ಅವರ ವಿವರಣೆ. ಎಷ್ಟು ಸರಿದೂಗುತ್ತದೆಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದ ನಡೆದೇ ಇದೆ. ಇದರಿಂದ ಓಟ ವ್ಯರ್ಥವೆಂದು ತೀರ್ಮಾನಿಸುವುದೂ ಅವಸರವೇ. ಹೃದಯಕ್ಕೂ ರಕ್ತದ ಸಕ್ಕರೆಗೂ ಸಿಗುವ ಲಾಭ ಕ್ಯಾಲೊರಿಯ ಖಾತೆಯಲ್ಲಿ ಬರುವಂಥದ್ದಲ್ಲ. ತೂಕ ಇಳಿಸುವುದೇ ಗುರಿಯಾದರೆ, ಬೆಳಗ್ಗೆ ಬರಿಹೊಟ್ಟೆಯಲ್ಲಿ ನೋಡಿದ ತೂಕದ ವಾರದ ಸರಾಸರಿ ಒಂದೆರಡು ತಿಂಗಳಲ್ಲಿ ಎತ್ತ ಸರಿಯುತ್ತಿದೆ ಎಂಬುದು ಆದಾಯ, ವ್ಯಯ, ಸರಿದೂಗಿಕೆ ಮೂರನ್ನೂ ಒಟ್ಟಿಗೆ ಹೇಳಿಬಿಡುತ್ತದೆ, ನಾಡಿಯ ಗೊಡವೆಯಿಲ್ಲದೆ.