ಕ್ಲಚ್ ಸೋರಿದರೆ ಡಬ್ಬಿ ಹೇಳುತ್ತದೆ

ಸುಲ್ತಾನ್ ಬತ್ತೇರಿಯ ಆ ಪುಟ್ಟ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಚೇಟ್ಟ ಮೊದಲು ತರಿಸಿದ್ದು ಒಂದು ಗಾಜಿನ ಲೋಟದ ತುಂಬ ನೀರು. ಚೈನ್ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿ, ಕಪ್ಪು ಜಿಡ್ಡನ್ನೆಲ್ಲ ಒರೆಸಿದರು. ಹೊಸದಾಗಿ ಜಿನುಗಿದ ಹನಿಯನ್ನು ಬೆರಳ ತುದಿಯಲ್ಲಿ ತೆಗೆದು ನೀರಿಗೆ ಬಿಟ್ಟರು. ಹನಿ ಕರಗಿಹೋಯಿತು. ‘ಎಂಜಿನ್ ಆಯಿಲ್ ಆಗಿದ್ರೆ ತೇಲ್ತಿತ್ತು ಸಾರ್. ಇದು ಕ್ಲಚ್ಚಿಂದೇ’ ಎಂದರು, ಗುಂಡ್ಲುಪೇಟೆ ಗಿರಾಕಿಗಳಿಂದ ಕಲಿತ ಕನ್ನಡದಲ್ಲಿ. ಇಷ್ಟು ಸರಳ, ಇಷ್ಟು ಖಚಿತ ಪರೀಕ್ಷೆಯನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಬೈಕು ಗೆಳೆಯನದು. ತಾಮರಶ್ಶೇರಿ ಘಾಟಿಯ 9 ಹೇರ್‌ಪಿನ್ ತಿರುವು ಹತ್ತಿ ಲಕ್ಕಿಡಿ ಮುಟ್ಟುವಷ್ಟರಲ್ಲೇ ಲಿವರ್ ಸಡಿಲಾಗಿತ್ತು. ಕಲ್ಪೆಟ್ಟದಲ್ಲಿ ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ತೆವಳುತ್ತಿತ್ತು, ನ್ಯೂಟ್ರಲ್ ಬೀಳುತ್ತಿರಲಿಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಒಂಬತ್ತರೊಳಗೆ ಕಾಡು ದಾಟಬೇಕು.

1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳದೆಲ್ಲ ಕೇಬಲ್ ಕ್ಲಚ್. ದೂರ ಹೊರಟವರು ಇನ್ನೊಂದು ಕೇಬಲ್ ಜೊತೆಗಿಟ್ಟುಕೊಳ್ಳುತ್ತಿದ್ದರು. 1982ರ ಹೋಂಡಾ ವಿಎಫ್750ಯಂಥ ಬೈಕುಗಳಲ್ಲಿ ಕೇಬಲಿನ ಜಾಗಕ್ಕೆ ಎಣ್ಣೆ ಬಂತು. ಗೆಳೆಯನ ಬೈಕಿನದೂ ಇಂಥದೇ ಕ್ಲಚ್. ಲಿವರಿನ ಬಳಿ ಎಣ್ಣೆಯ ಡಬ್ಬಿ ಮತ್ತು ಮಾಸ್ಟರ್ ಸಿಲಿಂಡರ್, ಎಂಜಿನ್ನಿನ ಬಳಿ ಸ್ಲೇವ್ ಸಿಲಿಂಡರ್, ನಡುವೆ ಪೈಪು. ಪ್ಲೇಟು ಸವೆದಂತೆ ಅಡ್ಜಸ್ಟ್‌ಮೆಂಟ್ ತಾನಾಗಿಯೇ ಆಗುತ್ತದೆ.

ನನ್ನನ್ನು ಇನ್ನೂ ಬಿಡದಿರುವ ವಿಚಿತ್ರ ಇಲ್ಲಿದೆ. ಬ್ರೇಕ್ ಪ್ಯಾಡ್ ಸವೆದರೆ ಡಬ್ಬಿಯಲ್ಲಿ ಎಣ್ಣೆ ಇಳಿಯುತ್ತದೆ. ಇಂಥ ಕ್ಲಚ್ಚಿನಲ್ಲಿ ಪ್ಲೇಟ್ ಸವೆದರೆ ಎಣ್ಣೆ ಏರುತ್ತದೆ! ಪ್ಲೇಟುಗಳ ಸಾಲು ತೆಳುವಾದಷ್ಟೂ ಅವನ್ನು ಒತ್ತುವ ತಟ್ಟೆ ಒಳಕ್ಕೆ ಸರಿಯುತ್ತದೆ. ಅದು ಪುಶ್‌ರಾಡನ್ನೂ, ರಾಡು ಸ್ಲೇವ್ ಪಿಸ್ಟನ್ನನ್ನೂ ಹಿಂದಕ್ಕೆ ದೂಡುತ್ತದೆ. ಅಲ್ಲಿದ್ದ ಎಣ್ಣೆ ಡಬ್ಬಿಗೆ ವಾಪಸಾಗುತ್ತದೆ. ಆದ್ದರಿಂದ ಕ್ಲಚ್ ಎಣ್ಣೆ ಇಳಿದಿದ್ದರೆ ‘ಸವೆತ ಇರಬಹುದು’ ಎನ್ನುವ ಮಾತೇ ಇಲ್ಲ. ಎಲ್ಲೋ ಸೋರಿದೆ ಎಂದೇ ಅರ್ಥ. ಗೆಳೆಯ ಮಾತ್ರ ಮಳೆಗಾಲದುದ್ದಕ್ಕೂ ಮೇಲಿಂದ ಎಣ್ಣೆ ತುಂಬುತ್ತಲೇ ಬಂದಿದ್ದ.

ಚೇಟ್ಟ ಸ್ಲೇವ್ ಪಿಸ್ಟನ್ ಹೊರತೆಗೆದು ಸೀಲ್ ತೋರಿಸಿದರು. ರಬ್ಬರಿನ ಅಂಚು ಒಂದೆಡೆ ಹರಿದಿತ್ತು. ಡಾಟ್ 4 ಎಣ್ಣೆ ಗಾಳಿಯ ತೇವ ಹೀರುತ್ತದೆ. ಹಳೆಯ ಎಣ್ಣೆ ವರ್ಷಗಟ್ಟಲೆ ಉಳಿದರೆ ಸಿಲಿಂಡರಿನ ಒಳಗೋಡೆ ಕೊರೆದು ಒರಟಾಗುತ್ತದೆ. ಹಾಗಾದರೆ ಹೊಸ ಸೀಲೂ ಬಾಳದು. ಅದೃಷ್ಟಕ್ಕೆ ಗೋಡೆ ಇನ್ನೂ ನಯವಾಗಿತ್ತು, ಸೀಲ್ ಕಿಟ್ ಗೆಳೆಯನ ಚೀಲದಲ್ಲೇ ಇತ್ತು. ಪೆಟ್ರೋಲ್ ತಾಕಿದರೆ ರಬ್ಬರ್ ಊದುತ್ತದೆಂದು ಭಾಗಗಳನ್ನು ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆದು, ಸೀಲಿನ ತುಟಿ ಎಣ್ಣೆಯ ಕಡೆಗಿರುವಂತೆ ಕೂರಿಸಿದರು. ಪೈಪಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಬಿತ್ತು. ಆಮೇಲೆ ಏರ್ ತೆಗೆಯುವ ಕೆಲಸ: ಲಿವರ್ ಹಿಡಿ, ನಿಪ್ಪಲ್ ಸಡಿಲಿಸು, ಬಿಗಿ, ಲಿವರ್ ಬಿಡು. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆ ನಿಲ್ಲುವವರೆಗೂ ಇದೇ. ನಡುವೆ ಡಬ್ಬಿ ಒಮ್ಮೆಯೂ ಬರಿದಾಗಬಾರದು.

ಕೆಲವು ಬೈಕುಗಳಿಗೆ ಡಾಟ್ 4 ಸಲ್ಲದು, ಮಿನರಲ್ ಆಯಿಲ್ಲೇ ಬೇಕು. ಒಂದರ ಬದಲು ಇನ್ನೊಂದು ಸುರಿದರೆ ಸೀಲುಗಳೆಲ್ಲ ಹಾಳು. ಮುಚ್ಚಳದ ಮೇಲೆ ಬರೆದದ್ದನ್ನು ಓದಿಯೇ ಡಬ್ಬಿ ತೆರೆಯಬೇಕು.

ದೊಡ್ಡ ಬೈಕಿನ ದುರಸ್ತಿಗೆ ದೊಡ್ಡ ಊರೇ ಬೇಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಬೇಕಿರುವುದು ಸರಿಯಾದ ಸೀಲ್, ಸರಿಯಾದ ಎಣ್ಣೆ, ಸೋರಿಕೆಯ ಮೂಲ ಸಿಗುವ ತನಕ ಎಣ್ಣೆ ತುಂಬಲು ಒಪ್ಪದ ಕೈ. ಘಾಟಿ ಹತ್ತುವ ಮುನ್ನ ಡಬ್ಬಿಯ ಗೆರೆ ನೋಡಿ. ಎಣ್ಣೆ ಕೆಳಗಿಳಿದಿದ್ದರೆ ಸೋರುವ ಜಾಗ ಹುಡುಕಿಸಿಯೇ ಹೊರಡಿ.