ಪಲ್ಪರ್ ಮನೆಯ ನೀರು ಮತ್ತು ನಮ್ಮ ಹಳ್ಳಗಳು

ಅರೇಬಿಕಾ ಹಣ್ಣು ನವೆಂಬರ್ ತಿಂಗಳ ಹೊತ್ತಿಗೆ, ರೋಬಸ್ಟಾ ಹಣ್ಣು ಜನವರಿಯ ಹೊತ್ತಿಗೆ ಕೊಯ್ಲಿಗೆ ಬರುತ್ತವೆ. ಮಳೆ ನಿಂತು ಮಲೆನಾಡಿನ ಹಳ್ಳಗಳು ದಿನೇ ದಿನೇ ಸೊರಗುವುದೂ ಆಗಲೇ. ಕೆಳಗಿನ ಅಡಿಕೆ ತೋಟಗಳಿಗೆ ನೀರು ಹಾಯಿಸಲು ತೊಡಗುವುದೂ ಅದೇ ದಿನಗಳಲ್ಲಿ. ಹೀಗಿರುವಲ್ಲಿ ಮೇಲಿನ ಪಲ್ಪರ್ ಮನೆಯಿಂದ ಹೊರಟ ನೀರು ಎಲ್ಲಿಗೆ ಸೇರುತ್ತದೆ ಎಂಬುದು ಕಾಫಿ ಬೆಳೆಯುವ ಸದಸ್ಯರಿಗೂ ಅಡಿಕೆ ಬೆಳೆಯುವ ಸದಸ್ಯರಿಗೂ ಸಮಾನವಾಗಿ ಸಂಬಂಧಪಟ್ಟ ವಿಚಾರವಾಗಿದೆ.

"ಅದರಲ್ಲಿ ವಿಷವೇನಿದೆ? ಹಣ್ಣಿನ ರಸ ತಾನೇ?" ಎನ್ನುವವರಿದ್ದಾರೆ. ತೊಂದರೆ ಇರುವುದು ಆ ರಸದಲ್ಲಿಯೇ. ಸಿಪ್ಪೆ ಮತ್ತು ಲೋಳೆಯಲ್ಲಿನ ಸಕ್ಕರೆ, ಪೆಕ್ಟಿನ್ ಮುಂತಾದವು ನೀರಿಗಿಳಿದು ಬೇಗನೆ ಹುಳಿಯುತ್ತವೆ. ನೀರಿನ ರಸಸಾರ 7ರಿಂದ 4ರ ಸುಮಾರಿಗೆ ಇಳಿಯುತ್ತದೆ. ಇಂಥ ನೀರು ಹಳ್ಳಕ್ಕೆ ಬಿದ್ದಾಗ ಅದರಲ್ಲಿನ ಕೊಳೆಯನ್ನು ತಿನ್ನುವ ಸೂಕ್ಷ್ಮಾಣುಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನು, ಏಡಿ ಉಸಿರುಕಟ್ಟಿ ಸಾಯುತ್ತವೆ. ನೀರು ಕಪ್ಪಾಗಿ ನಾರುತ್ತದೆ.

ಕೊಳೆಯನ್ನು ಕರಗಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಗೆ ಬಿ.ಓ.ಡಿ. ಎನ್ನುತ್ತಾರೆ. ಹೊಳೆ, ಹಳ್ಳಗಳಿಗೆ ಬಿಡುವ ನೀರಿನಲ್ಲಿ ಇದು ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಸಾಮಾನ್ಯ ಮಿತಿ. ಪಲ್ಪಿಂಗ್ ನೀರಿನಲ್ಲಿ ಇದು ಹಲವು ಸಾವಿರ ಮಿಲಿಗ್ರಾಂ ಇರುತ್ತದೆ. ಶುದ್ಧವಾದ ಒಂದು ಲೀಟರ್ ಹಳ್ಳದ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಬಿ.ಓ.ಡಿ. 4,000 ಎಂದಿಟ್ಟುಕೊಂಡರೂ, ಒಂದು ಲೀಟರ್ ಪಲ್ಪಿಂಗ್ ನೀರು 500 ಲೀಟರ್ ಹಳ್ಳದ ನೀರಿನ ಉಸಿರನ್ನು ಕಸಿಯಬಲ್ಲದು!

"ನನ್ನದು ಸಣ್ಣ ಹಿಡುವಳಿ, ನನ್ನಿಂದೇನಾದೀತು?" ಎಂದು ಕೇಳಬಹುದು. ಒಂದೇ ಹಳ್ಳದ ದಂಡೆಯ ಹತ್ತು ಮಂದಿ ಒಂದೇ ವಾರದಲ್ಲಿ ಪಲ್ಪ್ ಮಾಡಿದರೆ, ಹಳ್ಳದ ಪಾಲಿಗೆ ಅದು ಒಂದು ದೊಡ್ಡ ಎಸ್ಟೇಟೇ ಸರಿ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯಲ್ಲಿಯೂ ಸಣ್ಣವರೆಂದು ವಿನಾಯಿತಿಯಿಲ್ಲ.

ಏನು ಮಾಡಬಹುದು?

ಮೊದಲನೆಯದಾಗಿ, ನೀರಿನ ಬಳಕೆಯನ್ನೇ ತಗ್ಗಿಸಬೇಕು. ಪಲ್ಪಿಂಗಿಗೆ ಬಳಸಿದ ನೀರನ್ನು ಸೋಸಿ ಅದೇ ದಿನ ಮತ್ತೆ ಪಲ್ಪರಿಗೆ ಹಾಯಿಸಬಹುದು. ಬೀಜದ ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು ಸಾಕು.

ಎರಡನೆಯದಾಗಿ, ಸಿಪ್ಪೆಯನ್ನು ನೀರಿನಲ್ಲಿ ತೇಲಿಬಿಡದೆ ಬೇರ್ಪಡಿಸಿ ತೆಗೆಯಬೇಕು. ಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಸಿಪ್ಪೆಯೇ ಇರುತ್ತದೆ. ಸಗಣಿ, ದರಗು, ಮಣ್ಣಿನೊಡನೆ ಪದರ ಪದರವಾಗಿ ಗುಂಡಿಗೆ ತುಂಬಿ ಕೊಳೆಸಿದರೆ ತೋಟಕ್ಕೆ ಒಳ್ಳೆಯ ಗೊಬ್ಬರ ದೊರೆಯುತ್ತದೆ. ಹಳ್ಳದ ದಂಡೆಯಲ್ಲಿ ರಾಶಿ ಹಾಕಿದರೆ ಅದರ ರಸ ಇಳಿದು ಪುನಃ ಹಳ್ಳಕ್ಕೇ ಸೇರುತ್ತದೆ.

ಮೂರನೆಯದಾಗಿ, ಉಳಿದ ನೀರನ್ನು ಹೊಂಡಗಳಲ್ಲಿ ಶುದ್ಧಿಗೊಳಿಸಬೇಕು. ಮೊದಲ ಹೊಂಡದಲ್ಲಿ ಸುಣ್ಣ ಬೆರೆಸಿ ಹುಳಿಯನ್ನು ಕಳೆಯಬೇಕು. ರಸಸಾರ 7ರ ಹತ್ತಿರ ಬಂದುದನ್ನು ಪರೀಕ್ಷಾ ಕಾಗದದಿಂದ ತಿಳಿಯಬಹುದು. ಎರಡನೆಯ ಆಳವಾದ ಹೊಂಡದಲ್ಲಿ ಸಗಣಿಯ ಬಗ್ಗಡ ಸೇರಿಸಿ ಹಲವು ದಿನ ಬಿಟ್ಟರೆ ಸೂಕ್ಷ್ಮಾಣುಗಳು ಕೊಳೆಯನ್ನು ಕರಗಿಸುತ್ತವೆ. ಕೊನೆಯದಾಗಿ ತೆಳುವಾದ ಹೊಂಡದಲ್ಲಿ ಗಾಳಿ, ಬಿಸಿಲು ತಾಗಬೇಕು. ಹೊಂಡಗಳು ಬಾವಿ, ಹಳ್ಳಗಳಿಂದ ದೂರವಿದ್ದು, ನೀರು ಇಂಗದಂತೆ ತಳ ಭದ್ರವಾಗಿರತಕ್ಕದ್ದು. ಇಲ್ಲವಾದರೆ ಹಳ್ಳ ಉಳಿದರೂ ಬಾವಿ ಕೆಟ್ಟೀತು. ಅಳತೆ, ನಕ್ಷೆಗಳಿಗಾಗಿ ಕಾಫಿ ಮಂಡಳಿಯ ವಿಸ್ತರಣಾ ಅಧಿಕಾರಿಗಳ ಸಲಹೆ ಪಡೆಯುವುದು ಒಳ್ಳೆಯದು.

ಇಷ್ಟಕ್ಕೆಲ್ಲ ಅನುಕೂಲವಿಲ್ಲದವರು ಹಣ್ಣನ್ನು ಪಲ್ಪ್ ಮಾಡದೆ ಕಣದಲ್ಲಿ ಒಣಗಿಸಿ ಚೆರ್ರಿಯಾಗಿ ಮಾರಬಹುದು. ಪಾರ್ಚ್‌ಮೆಂಟಿನ ಬೆಲೆ ಬೇಕೆಂದಾದರೆ ಅಕ್ಕಪಕ್ಕದ ನಾಲ್ಕಾರು ಮಂದಿ ಸೇರಿ ಒಂದೇ ಪಲ್ಪರ್, ಒಂದೇ ಸಾಲು ಹೊಂಡ ಮಾಡಿಕೊಳ್ಳಬಹುದು. ಖರ್ಚು ಹಂಚಿಹೋಗುತ್ತದೆ.

ತುಂಗಾ, ಭದ್ರಾ, ಹೇಮಾವತಿ, ಕಾವೇರಿಗಳು ಹುಟ್ಟುವುದು ನಮ್ಮ ಈ ಕಾಫಿ ಸೀಮೆಯ ಬೆಟ್ಟಗಳಲ್ಲಿಯೇ. ಆದರೆ ನಮ್ಮ ನೀರನ್ನು ಮೊದಲು ಕುಡಿಯುವವರು ದೂರದ ಊರಿನವರಲ್ಲ, ಹಳ್ಳದ ಮುಂದಿನ ತಿರುವಿನಲ್ಲಿರುವ ನೆರೆಯವರು ಮತ್ತು ಅವರ ಹಟ್ಟಿಯ ದನಗಳು. ಆದುದರಿಂದ ಪಲ್ಪರಿಗೆ ಎಣ್ಣೆ ಹಾಕಿ ಸಜ್ಜುಗೊಳಿಸುವ ಮೊದಲು ಹೊಂಡದ ಹೂಳೆತ್ತಿ, ಸುಣ್ಣ ತಂದಿಟ್ಟುಕೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿ.