ಕುದುರೆ ನಡೆದರೆ ಸಾಕು

ಕುದುರೆ ಓಡಬೇಕಿಲ್ಲ, ನೆಗೆಯಬೇಕಿಲ್ಲ. ಒಂದೇ ಸಮನೆ ನಡೆದರೆ ಸಾಕು. ಹಿಪ್ಪೋಥೆರಪಿ ಎಂಬ ಚಿಕಿತ್ಸೆಯ ಗುಟ್ಟೆಲ್ಲ ಆ ನಡಿಗೆಯಲ್ಲಿದೆ. ಹೆಜ್ಜೆ ಹಾಕುವಾಗ ಕುದುರೆಯ ಬೆನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ತೂಗುತ್ತದೆ, ತುಸು ತಿರುಚಿಕೊಳ್ಳುತ್ತದೆ ಕೂಡ. ಮೇಲೆ ಕೂತವರ ಸೊಂಟವೂ ಹಾಗೇ ಆಡುತ್ತದೆ. ನಾವು ನಡೆಯುವಾಗ ನಮ್ಮ ಸೊಂಟ ಆಡುವುದೂ ಹೆಚ್ಚುಕಡಿಮೆ ಇದೇ ರೀತಿ. ಹಾಗಾಗಿ, ಸ್ವಂತ ಕಾಲ ಮೇಲೆ ನಿಲ್ಲಲಾಗದ ಮಗುವಿಗೂ ನಡಿಗೆಯ ಲಯ ಮೈಗೆ ತಾಗುತ್ತದೆ. ನಿಮಿಷಕ್ಕೆ ಸುಮಾರು 100 ಹೆಜ್ಜೆಯ ಲೆಕ್ಕ ಹಿಡಿದರೆ 20 ನಿಮಿಷದಲ್ಲಿ 2,000 ಸಲ!

ಮೆದುಳಿಗೆ ಪೆಟ್ಟಾಗಿ ಚಲನೆಯ ಹತೋಟಿ ತಪ್ಪುವ ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳಿಗೆ ಒಳತೊಡೆಯ ಸ್ನಾಯುಗಳು ಬಿಗಿದು ಕಾಲುಗಳು ಕತ್ತರಿಯಂತೆ ಅಡ್ಡಬೀಳುತ್ತವೆ. ಕುದುರೆಯ ಅಗಲ ಬೆನ್ನಿನ ಮೇಲೆ ಕೂತಾಗ ಅವು ಬಿಡಿಸಿಕೊಳ್ಳಲೇಬೇಕು. ಅದರ ಮೈಬಿಸಿ ಸುಮಾರು 38 ಡಿಗ್ರಿ, ನಮ್ಮದಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚು. ಆ ಬಿಸಿ ತಾಗಲೆಂದೇ ಎಷ್ಟೋ ಕಡೆ ಜೀನಿನ ಬದಲು ಮೆತ್ತನೆಯ ಹಾಸು ಕಟ್ಟುತ್ತಾರೆ. ಒಬ್ಬರು ಕುದುರೆಯನ್ನು ಹಿಡಿದು ನಡೆಸಿದರೆ, ಹೆಲ್ಮೆಟ್ ಹಾಕಿದ ಮಗುವಿನ ಪಕ್ಕದಲ್ಲೇ ಥೆರಪಿಸ್ಟ್ ಹೆಜ್ಜೆ ಹಾಕುತ್ತಾರೆ. ಕುದುರೆ ತಿರುಗಿದಾಗ, ನಿಂತು ಮತ್ತೆ ಹೊರಟಾಗ ಮಗು ಬೀಳದಂತೆ ತನ್ನ ಮೈಯನ್ನು ತಾನೇ ಸರಿಪಡಿಸಿಕೊಳ್ಳಬೇಕು. ಕೆಲವೊಮ್ಮೆ ಹಿಂದುಮುಂದಾಗಿಯೂ ಕೂರಿಸುತ್ತಾರೆ. ಇದು ಸವಾರಿಯ ಪಾಠವಲ್ಲ. ಲಗಾಮು ಮಗುವಿನ ಕೈಗೆ ಬರುವುದೇ ಇಲ್ಲ.

ಇಂಥ ಪ್ರಯತ್ನಗಳಿಗೆ ಧೈರ್ಯ ತುಂಬಿದವರು ಡೆನ್ಮಾರ್ಕಿನ ಲಿಸ್ ಹಾರ್ಟೆಲ್. 1944ರಲ್ಲಿ, ಗರ್ಭಿಣಿಯಾಗಿದ್ದಾಗ, ಅವರಿಗೆ ಪೋಲಿಯೊ ತಗುಲಿತು. ಮಗು ಆರೋಗ್ಯವಾಗಿ ಹುಟ್ಟಿತು, ಆದರೆ ತಾಯಿಯ ಮೊಣಕಾಲಿನ ಕೆಳಗೆ ಬಲ ಮರಳಲಿಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರ ನೆರವು ಬೇಕಿದ್ದ ಈಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜುಬಿಲಿ ಎಂಬ ಹೆಣ್ಣುಕುದುರೆಯೇರಿ ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಆ ಸ್ಪರ್ಧೆಗೆ ಹೆಂಗಸರನ್ನು ಬಿಟ್ಟುಕೊಂಡ ಮೊದಲ ಒಲಿಂಪಿಕ್ಸ್ ಅದು, ಎದುರಾಳಿಗಳಲ್ಲಿ ಗಂಡಸರೂ ಇದ್ದರು. 1956ರಲ್ಲಿ ಮತ್ತೆ ಬೆಳ್ಳಿ. 1960ರ ದಶಕದಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಫಿಸಿಯೋಥೆರಪಿಯ ಜೊತೆಗೆ ಕುದುರೆಯೂ ಬಂತು.

ಪವಾಡ ಮಾತ್ರ ನಿರೀಕ್ಷಿಸಬಾರದು. ಕೂರುವ ಭಂಗಿ, ಸಮತೋಲ ಸುಧಾರಿಸಿದ್ದನ್ನು ಹಲವು ಅಧ್ಯಯನಗಳು ಕಂಡಿವೆ, ಆದರೆ ಹೆಚ್ಚಿನವು ಕೆಲವೇ ಮಕ್ಕಳ ಮೇಲೆ ನಡೆದಂಥವು. ಮೆದುಳಿಗಾದ ಪೆಟ್ಟನ್ನು ಕುದುರೆ ವಾಸಿಮಾಡದು. ದಿನನಿತ್ಯದ ವ್ಯಾಯಾಮ ಬಿಡುವಂತೆಯೂ ಇಲ್ಲ.

ಎಲ್ಲರಿಗೂ ಇದು ಒಗ್ಗುವುದೂ ಇಲ್ಲ. ಸೊಂಟದ ಕೀಲು ಜಾರಿದ್ದರೆ, ಹತೋಟಿಗೆ ಬಾರದ ಮೂರ್ಛೆ ಇದ್ದರೆ ಕುದುರೆ ಹತ್ತಿಸುವುದು ಅಪಾಯ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ನಡುವೆ ಬಿಗಿ ಸಾಲದು, ಅವರಿಗೆ ಮೊದಲು ವೈದ್ಯರ ತಪಾಸಣೆ ಆಗಲೇಬೇಕು. ಕುದುರೆಯನ್ನೂ ಪರೀಕ್ಷಿಸಬೇಕು: ಸಪ್ಪಳಕ್ಕೆ ಬೆದರುವ ಕುದುರೆ ಬೇಡ, ಕುಂಟುವ ಕುದುರೆಯಂತೂ ಬೇಡವೇ ಬೇಡ, ಏಕೆಂದರೆ ಮಗುವಿನ ಮೈಗೆ ತಲುಪುವುದು ಅದರ ಹೆಜ್ಜೆಯ ಸೊಟ್ಟವೇ.